ಯಾರನ್ನು ನೋಡಬೇಕು?

ಸಿಇಟಿ ಮುಗಿದು ರ‍್ಯಾಂಕ್ ಬರುವವರೆಗಿನ ಕಾಲದಷ್ಟು ಸುಖದ ಕಾಲ ಪಿಯುಸಿ ಮಕ್ಕಳ ತಂದೆತಾಯಿಗಳ ಬಾಳಿನಲ್ಲಿ ಇನ್ನೊಂದಿಲ್ಲ. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು ಒಂದೊಂದಕ್ಕೆ 60ರಂತೆ ಒಟ್ಟು 180 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಮಕ್ಕಳು ಗೊತ್ತಿದ್ದದ್ದಕ್ಕೆ ಗೊತ್ತಿದ್ದು, ಗೊತ್ತಿಲ್ಲದ್ದಕ್ಕೆ ಮನೆದೇವರನ್ನು ನೆನೆದು, ಒಂದೂ ಬಿಡದೆ ಕಪ್ಪು ಮಾಡಿ ಬಂದಿರುತ್ತಾರೆ. ಮನೆದೇವರು ಎಷ್ಟು ಪ್ರಶ್ನೆ ಓದಿಕೊಂಡಿತ್ತು ಎನ್ನುವುದು ಫಲಿತಾಂಶದ ದಿನ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕರ್ನಾಟಕದ ಎಲ್ಲ ಕಾಲೇಜುಗಳೂ ನಮ್ಮವೇ. ಬೆಂಗಳೂರಿನದ್ದು ಬೇಡ, ಟ್ರಾಫಿಕ್ಕು; ಮೈಸೂರಿನದ್ದು ಆದೀತು; ಮಂಗಳೂರು ಕಡೆ ಸೆಕೆ ಎಂದು ನಾವು ಕಾಲೇಜುಗಳನ್ನು ತಿರಸ್ಕರಿಸುತ್ತಾ ಕೂರಬಹುದು. ರ‍್ಯಾಂಕ್ ಬಂದ ಮೇಲೆ ಆ ಕೆಲಸವನ್ನು ಕಾಲೇಜುಗಳು ವಹಿಸಿಕೊಳ್ಳುತ್ತವೆ.

ಈ ಸುಖದ ಕಾಲದಲ್ಲೇ ನಮ್ಮ ಮನೆಯವರಿಗೆ ಕಾಲೇಜುಗಳನ್ನು ಕಣ್ಣಾರೆ ನೋಡಿ ಬರುವ ಯೋಚನೆ ಹೊಳೆದದ್ದು. “ಒಂದು ಸೀರೆ ತಗೊಳ್ಳೋಕೆ ಹತ್ತು ಅಂಗಡಿ ಹತ್ತಿ ಇಳೀತೀಯ. ನಾಲ್ಕು ವರ್ಷ ಓದೋ ಕಾಲೇಜನ್ನ ನೋಡ್ದೇನೆ ಆಪ್ಷನ್ ಹಾಕೋದಾ?” ಎಂದರು. ಸೀರೆಯನ್ನು ನಾನು ಆರಿಸುತ್ತೇನೆ, ಕಾಲೇಜನ್ನು ಕಂಪ್ಯೂಟರ್ ಆರಿಸುತ್ತದೆ ಎಂದು ಹೇಳಬೇಕೆನ್ನಿಸಿತು. ಆದರೆ ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಬೇಸಿಗೆ ರಜೆ ಇತ್ತು, ಹಾಸನದಲ್ಲಿ ಕೂತು ಮಾವಿನಕಾಯಿ ಹೆಚ್ಚುವುದಕ್ಕಿಂತ ಇದು ವಾಸಿ ಅನ್ನಿಸಿ ಸುಮ್ಮನಾದೆ.

ಮಗಳು ಸುಮ್ಮನಾಗಲಿಲ್ಲ. “ನೋಡೋಕೇನಿದೆ ಅಪ್ಪ, ಎಲ್ಲಾ ಇನ್‌ಸ್ಟಾದಲ್ಲಿದೆ” ಎಂದಳು. ಅಪ್ಪನೂ ಬಿಡಲಿಲ್ಲ: “ಇನ್‌ಸ್ಟಾದಲ್ಲಿ ನೀನೂ ಬೆಳ್ಳಗಿದೀಯ.” ಎಸ್ಸೆಸ್ಸೆಲ್ಸಿ ಮುಗಿಸಿ ಕೂತಿದ್ದ ಮಗ, ಇದಕ್ಕೂ ತನಗೂ ಸಂಬಂಧವಿಲ್ಲ ಎಂದು ವಾದಿಸಿದ. ವಾದದಲ್ಲಿ ಹುರುಳಿತ್ತು. ಆದರೆ ಮನೆಯಲ್ಲಿ ಬಿಟ್ಟರೆ ಫೋನೂ ಅವನೂ ಒಂದೇ ಚಾರ್ಜರ್‌ನಲ್ಲಿ ಬದುಕುತ್ತಾರೆಂದು ಅವನನ್ನೂ ಹಿಂದಿನ ಸೀಟಿಗೆ ತುಂಬಿದೆವು. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ ತಿರುಗಿ ನೋಡಿದರೆ ಅವರು ಕಾರಿನ ಮುಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ಮಂಡಿ ಮಡಿಸಕ್ಕಾಗಲ್ಲ, ಮುಂದೇನೇ ಕೂರ್ತೀನಿ. ಹೋಗೋ ಹಾದೀಲಿ ಯಾವ್ಯಾವ ದೇವಸ್ಥಾನ ಸಿಗುತ್ತೆ?” ಎಂದು ಕೇಳಿದರು. ಆ ಪ್ರಶ್ನೆಯಿಂದಾಗಿ ನಮ್ಮ ಪ್ರವಾಸದ ನಕ್ಷೆಯೇ ಬದಲಾಯಿತು.

ಹಾಸನದಲ್ಲೇ ಕಾಲೇಜಿಲ್ಲವೇ ಎಂದು ನೀವು ಕೇಳಬಹುದು. ಇದೆ, 1960ರಷ್ಟು ಹಳೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜೇ ಇದೆ, ಒಳ್ಳೆಯ ಹೆಸರೂ ಇದೆ. ಆದರೆ ಮಗಳಿಗೆ ಅದರ ಮೇಲಿದ್ದ ಒಂದೇ ದೂರು ಎಂದರೆ ಅದು ಹಾಸನದಲ್ಲಿದೆ ಎನ್ನುವುದು. ಅಲ್ಲಿಂದ ಸಂಜೆ ಮನೆಗೆ ಬರಬಹುದು. ಹದಿನೆಂಟರ ಹೊತ್ತಿಗೆ ಇದಕ್ಕಿಂತ ದೊಡ್ಡ ಕೊರತೆ ಒಂದು ಕಾಲೇಜಿಗೆ ಇರಲಾರದು.

ಮೊದಲು ಹೋದದ್ದು ಮೈಸೂರಿಗೆ. ಕಾಲೇಜು ನೋಡಲು ಹೋಗುವವರಿಗೆ ಮೊದಲು ಕಾಣುವುದು ಗೇಟು, ಗೇಟಿನಲ್ಲಿ ಸೆಕ್ಯೂರಿಟಿಯವನು, ಅವನ ಮುಂದೆ ದಾರ ಕಟ್ಟಿದ ಪೆನ್ನಿನ ರಿಜಿಸ್ಟರು. ಹೆಸರು, ಊರು, ಗಾಡಿ ನಂಬರು ಎಲ್ಲಾ ಬರೆದ ಮೇಲೆ ಕೊನೆಯಲ್ಲಿ ‘ಯಾರನ್ನು ನೋಡಬೇಕು’ ಎಂಬ ಅಂಕಣ. ಇವರು ಅಂಗಿಯ ಕಾಲರು ಸರಿಮಾಡಿಕೊಂಡು ‘ಪ್ರಿನ್ಸಿಪಾಲ್’ ಎಂದು ಬರೆದರು. “ಪ್ರಿನ್ಸಿಪಾಲ್ರಿಲ್ಲ ಸರ್, ಇವತ್ತು ಭಾನುವಾರ” ಎಂದ ಅವನು. ಇವರು ಪ್ರಿನ್ಸಿಪಾಲರನ್ನು ಹೊಡೆದುಹಾಕಿ ‘ಕಾಲೇಜು’ ಎಂದು ತಿದ್ದಿದರು. ನಮ್ಮ ಹಿಂದೆ ಇನ್ನೆರಡು ಕಾರುಗಳು ನಿಂತಿದ್ದವು. ಎರಡರ ಮುಂದಿನ ಸೀಟಿನಲ್ಲೂ ಒಬ್ಬೊಬ್ಬ ಅಜ್ಜಿ ಇದ್ದರು.

ನೌಕರಿಯವರಿಗೆ ಬಿಡುವು ಸಿಗುವುದು ಭಾನುವಾರ, ಕಾಲೇಜಿಗೆ ರಜೆಯೂ ಭಾನುವಾರವೇ. ಅದರ ಮೇಲೆ ಮೇ ತಿಂಗಳು. ಪಾಠ ನಡೆಯದ, ಹುಡುಗರಿಲ್ಲದ, ಮೇಷ್ಟರಿಲ್ಲದ ಕಾಲೇಜಿನಲ್ಲಿ ನೋಡುವುದಕ್ಕೆ ಉಳಿಯುವುದು ಕಟ್ಟಡ, ಕೆಂಪಗೆ ಹೂ ಸುರಿಸುವ ಗುಲ್‌ಮೊಹರ್ ಮರ, ಮರದ ಕೆಳಗೆ ಮಲಗಿದ ನಾಯಿ. ಪ್ರತಿಯೊಂದು ಕಾಲೇಜಿನಲ್ಲೂ ಕಂದು ಬಣ್ಣದ ಒಂದು ನಾಯಿ ಇರುತ್ತದೆ ಎಂಬುದನ್ನು ಮಗ ಕಂಡುಹಿಡಿದ. ಅವನ ಮಟ್ಟಿಗೆ ನ್ಯಾಕ್ ಗ್ರೇಡು ಎಂದರೆ ಆ ನಾಯಿ ಎಷ್ಟು ಪುಷ್ಟಿಯಾಗಿದೆ ಎನ್ನುವುದೇ. ನಾಯಿ ದಪ್ಪಗಿದ್ದರೆ ಹಾಸ್ಟೆಲ್ ಊಟವನ್ನು ಮಕ್ಕಳು ತಿನ್ನುತ್ತಿಲ್ಲ, ಬಡಕಲಾಗಿದ್ದರೆ ಊಟ ಚೆನ್ನಾಗಿದೆ ಎಂದರ್ಥವಂತೆ. 1994ರಲ್ಲಿ ಹುಟ್ಟಿ, ಬೆಂಗಳೂರಿನ ನಾಗರಬಾವಿಯಲ್ಲಿ ಕೂತು ದೇಶದ ಕಾಲೇಜುಗಳನ್ನು ಅಳೆಯುತ್ತಿರುವ ನ್ಯಾಕ್‌ನವರಿಗೆ ಈ ಅಳತೆಗೋಲು ಹೊಳೆದಂತಿಲ್ಲ.

ನಮ್ಮವರದ್ದು ಬೇರೆಯೇ ಅಳತೆ. ಅವರು ಇರುವುದು ವಿದ್ಯುತ್ ಇಲಾಖೆಯಲ್ಲಿ. ಈಗದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೆಂಬ ನಾಲ್ಕು ಪದಗಳ ಸಂಸ್ಥೆಯಾಗಿದ್ದರೂ ನಮ್ಮೂರಿನವರಿಗೆ ಕೆಇಬಿಯೇ. ಕಾರಿನ ಗಾಜಿನ ಮೇಲೂ ಇವರು ಕೆಇಬಿ ಎಂದೇ ಅಂಟಿಸಿಕೊಂಡಿದ್ದಾರೆ. ಯಾವ ಕಾಲೇಜಿಗೆ ಕಾಲಿಟ್ಟರೂ ಇವರು ತಲೆ ಎತ್ತಿ ಮೊದಲು ತಂತಿ ನೋಡುತ್ತಾರೆ. ತಂತಿ ಹಿಡಿದುಕೊಂಡು ಹೋಗಿ ಟ್ರಾನ್ಸ್‌ಫಾರ್ಮರ್ ಮುಟ್ಟುತ್ತಾರೆ. ಅದನ್ನು ಇವರ ಇಲಾಖೆಯಲ್ಲಿ ಟಿಸಿ ಅನ್ನುತ್ತಾರೆ. “ಇಲ್ಲಿ ಟಿಸಿ ಎಲ್ಲಿದೆ?” ಎಂದು ಕೇಳಿದಾಗ ಆ ಸೆಕ್ಯೂರಿಟಿಯವನು ನಮ್ಮ ಮಗಳನ್ನು ಮೇಲಿಂದ ಕೆಳಗೆ ಕನಿಕರದಿಂದ ನೋಡಿದ. “ಆಫೀಸಲ್ಲಿ ಕೊಡ್ತಾರೆ ಸರ್. ಆದ್ರೆ ಸೇರ್ಕೊಂಡೇ ಇಲ್ವಲ್ಲ, ಈಗ್ಲೇ ಟಿಸಿ ಯಾಕೆ?” ಮಗಳು ಅಲ್ಲಿಂದಲೇ ನಮಗಿಂತ ಹತ್ತು ಹೆಜ್ಜೆ ಹಿಂದೆ ನಡೆಯಲು ಶುರುಮಾಡಿದಳು. ಆ ಹತ್ತು ಹೆಜ್ಜೆಯ ಅಂತರವನ್ನು ಅವಳು ಪ್ರವಾಸದುದ್ದಕ್ಕೂ ಅಳೆದಿಟ್ಟಂತೆ ಕಾಪಾಡಿಕೊಂಡಳು. ನೋಡಿದವರು ಯಾವುದೋ ಬೇರೆ ಸಂಸಾರದ ಹುಡುಗಿ ಎಂದುಕೊಳ್ಳಬೇಕು.

ಅತ್ತೆಯ ತಪಾಸಣೆ ಹಾಸ್ಟೆಲ್ ಬಚ್ಚಲಿನಿಂದ ಆರಂಭ. ಬೋಧಕರಲ್ಲಿ ಎಷ್ಟು ಜನ ಪಿಎಚ್‌ಡಿ, ಲ್ಯಾಬ್ ಹೇಗಿದೆ ಎಂಬ ಗೋಜೆಲ್ಲಾ ಅವರಿಗಿಲ್ಲ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಬಟ್ಟೆ ಒಣಹಾಕಲು ಬಿಸಿಲು ಬೀಳುವ ಜಾಗ ಎಲ್ಲಿದೆ. ಆಮೇಲೆ ಮೆಸ್ಸಿನ ಗೋಡೆಗೆ ಅಂಟಿಸಿದ ವಾರದ ಪಟ್ಟಿಯ ಮುಂದೆ ನಿಂತು ಜೋರಾಗಿ ಓದಿಸಿಕೊಳ್ಳುತ್ತಾರೆ. “ಬುಧವಾರ ರಾತ್ರಿ ಗೋಬಿ ಮಂಚೂರಿ? ರಾತ್ರಿ ಊಟಕ್ಕಾ? ಮುದ್ದೆ ಯಾವತ್ತು?” ಅಡುಗೆಯವನು ಸಿಕ್ಕಿಬಿಟ್ಟರಂತೂ ಮುಗಿಯಿತು. ಸಾರಿಗೆ ಹುಣಸೆಹಣ್ಣು ಹೊಸದೋ ಹಳೇದೋ ಎಂಬಲ್ಲಿಂದ ಹಿಡಿದು ಅವನ ಊರು, ಮನೆ, ಮದುವೆಯ ತನಕ ವಿಚಾರಣೆ. ಮೈಸೂರಿನ ಆ ಅಡುಗೆಯವನು ಅರಕಲಗೂಡು ಕಡೆಯವನೆಂದು ಗೊತ್ತಾಗಿ, ಆ ಕಾಲೇಜಿಗೆ ಅತ್ತೆಯ ಕಡೆಯಿಂದ ತಾತ್ಕಾಲಿಕ ಮಾನ್ಯತೆ ದೊರೆಯಿತು.

ಇವರಿಬ್ಬರನ್ನು ಆಡಿಕೊಳ್ಳುವಾಗ ನನ್ನದನ್ನೂ ಹೇಳಬೇಕು. ಆ ಕಾಲೇಜು ಇದ್ದದ್ದು ಮಾನಸಗಂಗೋತ್ರಿಯ ಮಗ್ಗುಲಲ್ಲೇ. ನಾನು ಎಂ.ಎ. ಓದಿದ ಜಾಗ. ಅಷ್ಟು ಹತ್ತಿರ ಬಂದು ಒಳಗೆ ಹೋಗದೆ ಇರುವುದುಂಟೇ? ಶಾರ್ಟ್‌ಕಟ್ ಇದೆ ಎಂದು ಕಾರನ್ನು ಒಳಗೆ ಬಿಡಿಸಿದೆ. ಶಾರ್ಟ್‌ಕಟ್ ಮುಗಿಯುವುದಕ್ಕೆ ಎರಡು ಗಂಟೆ ಹಿಡಿಯಿತು. ಕುವೆಂಪು 1956ರಿಂದ 60ರವರೆಗೆ ಕುಲಪತಿಗಳಾಗಿದ್ದಾಗ ಕಟ್ಟಿದ್ದು ಇದು, ಹೆಸರಿಟ್ಟದ್ದೂ ಅವರೇ, ಅಗೋ ಕುಕ್ಕರಹಳ್ಳಿ ಕೆರೆ, ಅವರು ತಿರುಗಾಡುತ್ತಿದ್ದದ್ದು ಅದೇ ಏರಿಯ ಮೇಲೆ ಎಂದು ನಾನು ಕಿಟಕಿಯಿಂದ ಕೈ ಹೊರಹಾಕಿ ತೋರಿಸುತ್ತಾ ಹೋದೆ. “ಅಮ್ಮ, ಇಲ್ಲಿ ಸಿಎಸ್ ಇದೆಯಾ?” ಎಂದು ಮಗಳು ಕೇಳಿದಳು. ನಾನು ಕೈ ಒಳಗೆಳೆದುಕೊಂಡೆ.

ಆದರೂ ಮಹಾರಾಜ ಕಾಲೇಜಿನ ಎದುರು ಬಂದಾಗ ತಡೆಯಲಾಗಲಿಲ್ಲ. ಅಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ಹೆಗಲು ಕೊಟ್ಟು ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದ ಕಥೆ ಹೇಳಿದೆ. ಕ್ಲಾಸಿನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 5ಕ್ಕೆ ಇದನ್ನು ಹೇಳುವಾಗ ನನಗೇ ಗಂಟಲು ಕಟ್ಟುತ್ತದೆ. ಮಗ ಮೊದಲ ಬಾರಿಗೆ ಫೋನಿನಿಂದ ತಲೆ ಎತ್ತಿದ. “ಸ್ಟೂಡೆಂಟ್ಸೇ ಎಳೆದ್ರಾ? ಅದಕ್ಕೆ ಅಟೆಂಡೆನ್ಸ್ ಕೊಟ್ರಾ?” ಎಂದ.

ಆ ದಿನ ನನಗಾದ ಲಾಭ ಒಂದೇ. ಕನ್ನಡ ಅಧ್ಯಯನ ಸಂಸ್ಥೆಯ ಮೆಟ್ಟಿಲ ಹತ್ತಿರ ನಿಂತಿದ್ದಾಗ ಯಾರೋ ಹುಡುಗ ಬಂದು “ವ್ಯಾಲ್ಯುಯೇಷನ್‌ಗೆ ಬಂದಿದೀರಾ ಮೇಡಂ?” ಎಂದು ಕೇಳಿದ. ಯೂನಿವರ್ಸಿಟಿಯ ಉತ್ತರಪತ್ರಿಕೆ ತಿದ್ದುವವಳಂತೆ ನಾನು ಕಾಣುತ್ತೇನೆ ಎಂಬುದನ್ನು ಊಟದ ಹೊತ್ತಿನಲ್ಲಿ ಎರಡು ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಂಗಳೂರಿನಲ್ಲಿ ಇಳಿದುಕೊಂಡದ್ದು ವಿಜಯನಗರದ ತಮ್ಮನ ಮನೆಯಲ್ಲಿ. ಕಾಲೇಜು ನೋಡುವವರು ಬಂದಿದ್ದಾರೆ ಎಂದರೆ ಬೆಂಗಳೂರಿನ ಒಂದು ಮನೆಯಲ್ಲಿ ಏನಾಗುತ್ತದೆ ಎಂದು ನಾನು ಬಲ್ಲೆ. ಮೇಲಿನ ಮನೆಯವರು ಇಳಿದು ಬರುತ್ತಾರೆ, ಎದುರು ಮನೆಯವರು ದಾಟಿ ಬರುತ್ತಾರೆ. ಸಿಎಸ್ ಬಿಟ್ಟು ಬೇರೆ ಏನೂ ತಗೋಬೇಡಿ ಎಂದು ತಮ್ಮ ಹೇಳಿದ. ಸಿಎಸ್ ಕಾಲ ಮುಗಿಯಿತು, ಇನ್ನು ಎಐಎಂಎಲ್ಲೇ ಎಂದು ಮೇಲಿನವರು. ಎಐ ಬಂದು ಎಲ್ಲರ ಕೆಲಸ ಕಿತ್ತುಕೊಳ್ಳುತ್ತದೆ, ಅದನ್ನೇ ಯಾಕೆ ಓದುತ್ತೀರಿ, ಸಿವಿಲ್ ತಗೊಳ್ಳಿ, ಮನೆ ಕಟ್ಟೋದು ನಿಲ್ಲಲ್ಲ ಎಂದು ಎದುರು ಮನೆಯವರು. ಕಾಫಿ ಲೋಟ ಎತ್ತಲು ಬಂದ ತಮ್ಮನ ಹೆಂಡತಿ, ತಾನು ಓದಿದ್ದು ಇನ್‌ಸ್ಟ್ರುಮೆಂಟೇಷನ್ ಎಂದು ಹೇಳಿ ಲೋಟ ಎತ್ತಿಕೊಂಡು ಹೋದಳು. ಮಗಳು ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದಳು. ಕೂದಲ ಕೆಳಗೆ ಕಿವಿಯಲ್ಲಿ ಇಯರ್‌ಫೋನ್ ಇತ್ತು.

ಕೆ.ಆರ್. ಸರ್ಕಲ್ಲಿನ ಯುವಿಸಿಇ ಹತ್ತಿರ ಹೋದ ದಿನ ಮಾತ್ರ ನಮ್ಮವರು ತಂತಿ ನೋಡಲಿಲ್ಲ. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಸರ್ಕಲ್ ಸುತ್ತಿದ್ದೇ ಸುತ್ತಿದ್ದು; ಅತ್ತೆ ಪ್ರದಕ್ಷಿಣೆ ಎಂದುಕೊಂಡು ಪ್ರತಿ ಸುತ್ತಿಗೂ ಕೈ ಮುಗಿದರು. ಕೊನೆಗೆ ಎಲ್ಲೋ ದೂರದಲ್ಲಿ ನಿಲ್ಲಿಸಿ ನಡೆದುಕೊಂಡು ಬಂದೆವು. ಕೆಂಪು ಕಟ್ಟಡ. 1917ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುಮಾಡಿಸಿದ ಕಾಲೇಜು. ನಮ್ಮವರು ಪಿಯುಸಿ ಮುಗಿಸಿದಾಗ ಈಗಿನ ಸಿಇಟಿ ಇನ್ನೂ ಬಂದಿರಲಿಲ್ಲ. ಓದಿದರೆ ಇಲ್ಲೇ ಓದಬೇಕು ಎಂದು ಅರ್ಜಿ ಹಾಕಿದ್ದರಂತೆ. ಸಿಗದೆ ಡಿಪ್ಲೊಮಾ ಮಾಡಿ, ಕಂಬ ಹತ್ತುವವರ ಮೇಲ್ವಿಚಾರಕರಾಗಿ, ಇಲ್ಲಿಯವರೆಗೆ ಬಂದರು. ಈ ವಿಷಯ ನನಗೆ ಮದುವೆಯಾದಾಗಿನಿಂದ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. “ಗೋಡೆ ದಪ್ಪ ನೋಡ್ರೋ” ಎಂದು ಇವರು ಗೋಡೆಗೆ ಅಂಗೈ ಇಟ್ಟುಕೊಂಡು ನಿಂತರು. ನಿಂತೇ ಇದ್ದರು. ಆಮೇಲೆ ಬೋರ್ಡು ಹಿಂದೆ ಬರುವಂತೆ ಒಂದು ಸೆಲ್ಫಿ ತೆಗೆದುಕೊಳ್ಳಲು ಹೋದರು. ಬೋರ್ಡು ಬಂದರೆ ಇವರ ತಲೆ ಬರುತ್ತಿರಲಿಲ್ಲ, ತಲೆ ಬಂದರೆ ವಿಶ್ವೇಶ್ವರಯ್ಯ ಹೋಗುತ್ತಿದ್ದರು. ಹತ್ತು ಹೆಜ್ಜೆ ಹಿಂದಿದ್ದ ಮಗಳು ಬಂದು ಫೋನು ಕಿತ್ತುಕೊಂಡು, “ಅಪ್ಪ, ಹೊಟ್ಟೆ ಒಳಗೆ. ಕಣ್ಣು ಮುಚ್ಬೇಡ” ಎಂದು ಗದರಿಸಿ ಫೋಟೋ ತೆಗೆದಳು. ಇವರು ಕಣ್ಣು ಮುಚ್ಚಿಬಿಟ್ಟರು. ಮತ್ತೆ ತೆಗೆದಳು, ಮತ್ತೆ ಮುಚ್ಚಿದರು. ಆ ದಿನ ಅವಳು ಕಾರಿನವರೆಗೂ ನಮ್ಮ ಜೊತೆಯಲ್ಲೇ ನಡೆದಳು, ಮರುದಿನ ಬೆಳಿಗ್ಗೆ ಮತ್ತೆ ಹತ್ತು ಹೆಜ್ಜೆ.

ಬಿಎಂಎಸ್ ಕಾಲೇಜಿನ ಬಗ್ಗೆ ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಅದು ಬುಲ್ ಟೆಂಪಲ್ ರಸ್ತೆಯಲ್ಲಿದೆ. ಬಸವಣ್ಣನೂ ದೊಡ್ಡ ಗಣಪತಿಯೂ ಅದೇ ರಸ್ತೆಯಲ್ಲಿದ್ದಾರೆ. ಪರೀಕ್ಷೆಯ ದಿನ ಮಗು ಕೈ ಮುಗಿದೇ ಹೋಗಬಹುದು, ಆಟೋ ಖರ್ಚಿಲ್ಲ. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ಬೇರೆ. 1946ರಷ್ಟು ಹಳೆಯ ಕಾಲೇಜು ಎಂದು ಇವರು ಹೇಳಿದ್ದಕ್ಕೆ, “ಬಸವಣ್ಣ ಅದಕ್ಕಿಂತ ಹಳಬ ಕಣೋ” ಎಂದರು. ಆ ಕಾಲೇಜಿನ ಒಳಗೆ ಅವರು ಬರಲೇ ಇಲ್ಲ. ದೇವಸ್ಥಾನದ ಜಗಲಿಯಲ್ಲೇ ಕೂತು ಅದಕ್ಕೆ ಮೊದಲ ಸ್ಥಾನ ಕೊಟ್ಟರು.

ಊರಾಚೆ ಇನ್ನೊಂದು ಕಾಲೇಜಿಗೆ ಹೋಗಿದ್ದೆವು. ಹೆಸರು ಬೇಡ. ಮುಂದಿನಿಂದ ಪೂರ್ತಿ ಗಾಜು. ಒಳಗೆ ಕಾಲಿಟ್ಟರೆ ಏಸಿ, ಸೋಫಾ, ಟ್ರೇನಲ್ಲಿ ಬಾದಾಮಿ ಹಾಲು. ಅತ್ತೆಗೆ ಇದು ಕಾಲೇಜೋ ಒಡವೆ ಅಂಗಡಿಯೋ ಎಂದು ಅನುಮಾನ ಬಂದು ಚಪ್ಪಲಿ ಹೊರಗೇ ಬಿಟ್ಟು ಬಂದರು. ಕೋಟು ಹಾಕಿಕೊಂಡಿದ್ದ ಹುಡುಗಿಯೊಬ್ಬಳು ನಮ್ಮನ್ನು ಕೂರಿಸಿ ಪ್ಯಾಕೇಜಿನ ಲೆಕ್ಕ ಹೇಳಿದಳು. ಗೋಡೆಯ ತುಂಬಾ ಕೆಲಸ ಸಿಕ್ಕವರ ನಗುಮುಖಗಳು, ಒಂದೊಂದರ ಕೆಳಗೂ ಇಷ್ಟಿಷ್ಟು ಲಕ್ಷ. ಲ್ಯಾಬ್ ನೋಡಬಹುದೇ ಎಂದು ನಮ್ಮವರು ಕೇಳಿದರು. ನೋಡಬಹುದು, ಆದರೆ ಬೀಗದ ಕೈ ಇರುವವರು ರಜೆಯಲ್ಲಿದ್ದಾರೆ. ಲೈಬ್ರರಿ? ಈಗ ಎಲ್ಲಾ ಡಿಜಿಟಲ್ ಮೇಡಂ, ಪುಸ್ತಕ ಯಾರು ಓದ್ತಾರೆ. ನಾನು ಬಾದಾಮಿ ಹಾಲಿನ ಲೋಟ ಕೆಳಗಿಟ್ಟೆ.

ಕೊನೆಗೆ ಮ್ಯಾನೇಜ್‌ಮೆಂಟ್ ಸೀಟಿನ ಮಾತು. ಇಂಥ ಕಡೆ ಮೊತ್ತವನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಆ ಹುಡುಗಿ ಒಂದು ಸಣ್ಣ ಚೀಟಿಯಲ್ಲಿ ಏನೋ ಬರೆದು, ಮೇಜಿನ ಮೇಲೆ ಜಾರಿಸಿ, ನಮ್ಮ ಕಡೆಗೆ ತಿರುಗಿಸಿದಳು. ಇವರು ಓದಿ ಸುಮ್ಮನಾದರು. ನಾನು ಓದಿ ಸುಮ್ಮನಾದೆ. ಕನ್ನಡಕ ಕಾರಿನಲ್ಲಿ ಬಿಟ್ಟು ಬಂದಿದ್ದ ಅತ್ತೆ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಸೊನ್ನೆಗಳನ್ನೆಲ್ಲಾ ಬೆರಳಿಟ್ಟು ಎಣಿಸಿ, “ಇದು ಯಾರ ಫೋನ್ ನಂಬರ್ರಮ್ಮ?” ಎಂದು ಕೇಳಿದರು. ಮಕ್ಕಳಿಬ್ಬರೂ ನಗು ತಡೆಯಲಾರದೆ ಹೊರಗೆ ಓಡಿದರು. ಪ್ರವಾಸದಲ್ಲಿ ಅಕ್ಕ ತಮ್ಮ ಒಂದಾದದ್ದು ಆಗಲೇ.

ಸುರತ್ಕಲ್‌ಗೆ ಹೋಗುವ ಅಗತ್ಯವಿರಲಿಲ್ಲ. ಅಲ್ಲಿ ಸೇರಲು ಸಿಇಟಿ ನಡೆಯುವುದಿಲ್ಲ, ಜೆಇಇ ಮೇನ್ ಬೇಕು. ನಮ್ಮ ಮಗಳ ಜೆಇಇ ಅಂಕವನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಆಗಲೇ ಒಪ್ಪಂದವಾಗಿತ್ತು. ಆದರೆ ಅತ್ತೆಗೆ ಧರ್ಮಸ್ಥಳ ಆಗಬೇಕಿತ್ತು. ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಬಂದ ಮೇಲೆ ಕಟೀಲು ಎಷ್ಟು ದೂರ. ಕಟೀಲಿಗೆ ಬಂದ ಮೇಲೆ ಸುರತ್ಕಲ್ ಎಷ್ಟು ದೂರ. ಹಳಬರು ಈಗಲೂ ಕೆಆರ್‌ಇಸಿ ಎನ್ನುವ ಕಾಲೇಜು ಅದು. 1960ರಲ್ಲಿ ಶುರುವಾದದ್ದು, ಈಗ ಎನ್‌ಐಟಿ. ಹೆದ್ದಾರಿ ಮಗ್ಗುಲಲ್ಲೇ ಹೋಗುತ್ತದೆ, ಪಶ್ಚಿಮಕ್ಕೆ ನಡೆದರೆ ಸಮುದ್ರ, ದಡದಲ್ಲಿ ಲೈಟ್‌ಹೌಸು. ಕುಚ್ಚಲಕ್ಕಿ ಅನ್ನ ಅರಗುವುದಿಲ್ಲ, ಮೀನಿನ ವಾಸನೆ ಎಂದು ಅತ್ತೆ ಕಾರಿನಲ್ಲೇ ಈ ಕಾಲೇಜನ್ನು ತಳ್ಳಿಹಾಕಿದ್ದರು. ಆದರೆ ಸಮುದ್ರ ಕಂಡೊಡನೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂಚೆ ನೀರಿಗಿಳಿದವರು ಅವರೇ. ಮಂಡಿ ನೋವಿನ ಸುಳಿವೇ ಇರಲಿಲ್ಲ.

ಎರಡು ಸಂಗತಿಗಳು ಅಲ್ಲಿ ನಡೆದವು. ಮಗ ಬಹಳ ಹೊತ್ತು ಅಲೆ ನೋಡುತ್ತಾ ನಿಂತವನು, “ಅಪ್ಪ, ಇಲ್ಲಿ ಸೇರೋಕೆ ಏನ್ ಮಾಡ್ಬೇಕು?” ಎಂದು ಕೇಳಿಬಿಟ್ಟ. ಕಾಲೇಜಿನ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ. ಇವರು ನೀರಿನಲ್ಲಿ ನಿಂತೇ ಜೆಇಇ ಕೋಚಿಂಗು, ಇಂಟಿಗ್ರೇಟೆಡ್ ಪಿಯು, ಅರ್ಧ ಸೀಟು ನಮ್ಮ ರಾಜ್ಯದವರಿಗೇ ಎಂಬುದನ್ನೆಲ್ಲಾ ಹೇಳಲು ಶುರುಮಾಡಿದರು. ಅಲೆಯೊಂದು ಬಂದು ಸೊಂಟದವರೆಗೆ ಒದ್ದೆ ಮಾಡಿದರೂ ನಿಲ್ಲಿಸಲಿಲ್ಲ. ಪಾಪ, ಬಾಯಿ ತಪ್ಪಿ ಕೇಳಿದ ಒಂದು ಪ್ರಶ್ನೆಗೆ ಹುಡುಗ ಈಗ ವಾರದಲ್ಲಿ ಆರು ದಿನ ಕೋಚಿಂಗ್‌ಗೆ ಹೋಗುತ್ತಿದ್ದಾನೆ.

ಅಷ್ಟರಲ್ಲಿ ಮಗಳು ಕಾಣಲಿಲ್ಲ. ನೋಡಿದರೆ ಅಷ್ಟು ದೂರದಲ್ಲಿ ಮರಳ ಮೇಲೆ ಕೂತಿದ್ದ ಇನ್ನೊಬ್ಬ ಹುಡುಗಿಯ ಜೊತೆ ಮಾತಿಗಿಳಿದಿದ್ದಳು. ರಜೆಗೆ ಊರಿಗೆ ಹೋಗದೆ ಉಳಿದ ವಿದ್ಯಾರ್ಥಿನಿಯಂತೆ. ಹೊರಟಾಗ ಕೂಗಬೇಕಾಯಿತು. ವಾಪಸು ಬರುವಾಗ ಕಾರಿನಲ್ಲಿ ಒಂದೊಂದಾಗಿ ವಿಷಯ ಬಿತ್ತು: ಸಾಮಾನ್ಯವಾಗಿ ಹಾಸ್ಟೆಲ್‌ಗಳಲ್ಲಿ ಮೊದಲ ತಿಂಗಳು ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ, ಆಮೇಲೆ ಯಾರೂ ನಿದ್ದೆ ಮಾಡುವುದಿಲ್ಲ, ವಿಟಿಯು ಕಾಲೇಜಾದರೆ ಹಾಜರಿ ಶೇಕಡಾ 85 ಇರಲೇಬೇಕು, ಜ್ವರ ಬಂದರೂ ಲೆಕ್ಕ ಹಾಕಿಕೊಂಡೇ ಬರಬೇಕು, ಅಮ್ಮ ದಿನಾ ಫೋನ್ ಮಾಡುವುದನ್ನು ಎಷ್ಟನೇ ವಾರಕ್ಕೆ ನಿಲ್ಲಿಸಬೇಕೆಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕೊನೆಯದನ್ನು ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು. ನಾವು ಇಷ್ಟು ಕಾಲೇಜು ಸುತ್ತಿ ಅಡುಗೆಯವರನ್ನೂ ಸೆಕ್ಯೂರಿಟಿಯವರನ್ನೂ ಕೋಟಿನ ಹುಡುಗಿಯನ್ನೂ ವಿಚಾರಿಸಿದ್ದೆವು. ಅಲ್ಲಿ ಓದುವ ಒಂದು ಮಗುವನ್ನು ಮಾತಾಡಿಸಬೇಕೆಂದು ನಮಗ್ಯಾರಿಗೂ ತೋಚಿರಲಿಲ್ಲ. ತೋಚಿದ್ದರೂ ನಾನು ಏನು ಕೇಳುತ್ತಿದ್ದೆ? ಪ್ರತಿ ದಿನ ಮನೆಗೆ ಫೋನ್ ಮಾಡುತ್ತೀಯಾ ಎಂದೇ.

ರ‍್ಯಾಂಕ್ ಬಂತು. ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಸೇರಿಸಿ ಕೊಡುವ ಆ ಅಂಕಿ ಐದು ಸ್ಥಾನಗಳದ್ದಾಗಿತ್ತು. ಮನೆದೇವರು ಫಿಸಿಕ್ಸ್‌ನಲ್ಲಿ ಕೈ ಕೊಟ್ಟಿತ್ತು. ನಮ್ಮವರು ಇಲಾಖೆಯ ಹಳೆಯ ಲೆಡ್ಜರೊಂದನ್ನು ತಂದು, ಗೆರೆ ಎಳೆದು, ಹಿಂದಿನ ವರ್ಷಗಳ ಕಟ್‌ಆಫ್ ಇಟ್ಟುಕೊಂಡು, ಇ ಅಕ್ಷರದಿಂದ ಶುರುವಾಗುವ ಕಾಲೇಜು ಕೋಡುಗಳನ್ನು ಕ್ರಮವಾಗಿ ಬರೆದರು. ಅತ್ತೆಯ ಒತ್ತಾಯಕ್ಕೆ ಬಸವಣ್ಣ ಮೊದಲನೆಯದಾಗಿ ಹೋದ, ಸಿಗುವುದಿಲ್ಲವೆಂದು ಗೊತ್ತಿದ್ದೂ. ಆಮೇಲೆ ಇವರು ಎಲ್ಲರನ್ನೂ ಕೂರಿಸಿ ನಾಲ್ಕು ಛಾಯ್ಸ್‌ಗಳನ್ನು ವಿವರಿಸಿದರು. ಛಾಯ್ಸ್ ಒಂದು ಎಂದರೆ ಸಿಕ್ಕಿದ ಸೀಟು ಒಪ್ಪಿಗೆ, ಹೋಗಿ ಸೇರುವುದು. ಎರಡು ಎಂದರೆ ಸಿಕ್ಕಿದ್ದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಬಂದರೆ ನೋಡೋಣ. ಮೂರು ಎಂದರೆ ಇದು ಬೇಡವೇ ಬೇಡ, ಮುಂದಿನದ್ದಕ್ಕೆ ಕಾಯುತ್ತೇನೆ. ನಾಲ್ಕು ಎಂದರೆ ನಿಮ್ಮ ಸಹವಾಸವೇ ಬೇಡ. ಅತ್ತೆ ಗಮನವಿಟ್ಟು ಕೇಳಿಸಿಕೊಂಡು, “ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲಪ್ಪ, ಒಂದೇ ಇದ್ದಿದ್ದು” ಎಂದು ಗೋಡೆಯ ಮೇಲಿದ್ದ ಮಾವನವರ ಫೋಟೋ ಕಡೆ ನೋಡಿದರು. ನಾನು ಇಷ್ಟು ವರ್ಷದಿಂದ ಛಾಯ್ಸ್ ಎರಡರಲ್ಲೇ ಇದ್ದೇನೆ ಎನ್ನುವುದನ್ನು ಅತ್ತೆಯ ಎದುರು ಹೇಳುವ ಹಾಗಿರಲಿಲ್ಲ.

ಪಟ್ಟಿ ಇವರದ್ದು, ಪಾಸ್‌ವರ್ಡ್ ಮಗಳದ್ದು. ಈ ವ್ಯವಸ್ಥೆಯ ಪರಿಣಾಮ ಮಾಕ್ ಅಲಾಟ್‌ಮೆಂಟ್ ಬಂದ ದಿನ ಗೊತ್ತಾಯಿತು. ಅವಳಿಗೆ ತೋರಿಸಿದ್ದು ತುಮಕೂರಿನ ಒಂದು ಕಾಲೇಜು. ಇವರು ಲೆಡ್ಜರನ್ನು ಹಿಂದೆ ಮುಂದೆ ತಿರುವಿದರು. ತುಮಕೂರು ಎಲ್ಲೂ ಇರಲಿಲ್ಲ.

“ಇದೆಲ್ಲಿಂದ ಬಂತು?”

“ನಾನು ಹಾಕಿದ್ದೆ.”

“ನಾವು ಇದನ್ನ ನೋಡೇ ಇಲ್ವಲ್ಲೇ!”

“ಅದಕ್ಕೇ ಹಾಕಿದ್ದು” ಎಂದಳು.

ಇವರಿಗೆ ಇದು ಹತ್ತು ನಿಮಿಷದ ಮಟ್ಟಿಗೆ ದೊಡ್ಡ ಪೆಟ್ಟಾಯಿತು. ಹನ್ನೊಂದನೆಯ ನಿಮಿಷಕ್ಕೆ ಎದ್ದು ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದುಕೊಂಡು, “ನಡೀರಿ, ನೋಡ್ಕೊಂಡು ಬಂದ್ಬಿಡೋಣ” ಎಂದರು. ಮಗಳು ತಾನು ಬರುವುದಿಲ್ಲ, ತನಗೆ ಎಲ್ಲಾ ಗೊತ್ತು, ಅಲ್ಲಿಯ ಮೂವರು ಸೀನಿಯರ್‌ಗಳು ಆಗಲೇ ಪರಿಚಯ ಎಂದಳು. ಮಗ ತನಗೆ ಕೋಚಿಂಗ್ ಕ್ಲಾಸಿದೆ ಎಂದ, ಕ್ಲಾಸಿಗೆ ಹೋಗಲು ಅಷ್ಟು ಆಸಕ್ತಿ ಅವನಲ್ಲಿ ನಾವು ಅದುವರೆಗೆ ಕಂಡಿರಲಿಲ್ಲ. ಅತ್ತೆ ಮಾತ್ರ, “ತುಮಕೂರು ಅಂದ್ರೆ ಸಿದ್ಧಗಂಗೆ ಅಲ್ವೇನೋ?” ಎಂದು ಕೇಳುತ್ತಲೇ ಚೀಲ ತೆಗೆದುಕೊಂಡು ಮುಂದಿನ ಸೀಟಿಗೆ ಹೊರಟಿದ್ದರು.

ಹಾಗೆ ನಾವು ಮೂವರೇ ಹೋದೆವು. ಮಠಕ್ಕೆ ಹೋಗಿ, ಗದ್ದುಗೆಗೆ ನಮಸ್ಕಾರ ಮಾಡಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಮಧ್ಯಾಹ್ನದ ಹೊತ್ತಿಗೆ ಕಾಲೇಜಿನ ಗೇಟಿನ ಮುಂದೆ ನಿಂತೆವು. ಅದೇ ರಿಜಿಸ್ಟರು, ಅದೇ ದಾರ ಕಟ್ಟಿದ ಪೆನ್ನು. ಆ ದಿನವೂ ಏನೋ ರಜೆ.

“ಅಡ್ಮಿಷನ್ನಾ ಸರ್?” ಎಂದ ಸೆಕ್ಯೂರಿಟಿಯವನು.

“ಹೌದು.”

ಅವನು ಬಗ್ಗಿ ಕಾರಿನ ಹಿಂದಿನ ಸೀಟು ನೋಡಿದ. ನಾನೊಬ್ಬಳೇ ಇದ್ದೆ. “ಮಗು ಎಲ್ಲಿ?”

“ಮನೇಲಿದಾಳೆ.”

ಅವನಿಗೆ ಏನೂ ಅನ್ನಿಸಲಿಲ್ಲ. ಇಂಥವರನ್ನು ಬೆಳಿಗ್ಗೆಯಿಂದ ಎಷ್ಟು ಜನರನ್ನು ಒಳಗೆ ಬಿಟ್ಟಿದ್ದನೋ. ಇವರು ಕೊನೆಯ ಅಂಕಣದಲ್ಲಿ ಏನು ಬರೆಯುವುದೆಂದು ಪೆನ್ನು ಹಿಡಿದು ಯೋಚಿಸುತ್ತಿರುವಾಗ ಅವನು ಗಾಜಿನ ಮೇಲಿನ ಸ್ಟಿಕ್ಕರ್ ಓದಿಕೊಂಡ.

“ಕೆಇಬಿಯವ್ರಾ? ಟಿಸಿ ಹಾಸ್ಟೆಲ್ ಹಿಂದ್ಗಡೆ ಇದೆ ಸರ್, ಹೋದ್ ತಿಂಗಳು ಹೊಸದು ಹಾಕಿದಾರೆ. ಅಜ್ಜಿ, ಬಚ್ಚಲು ನೋಡ್ಬೇಕು ಅಂದ್ರೆ ವಾರ್ಡನ್ನು ಮೂರು ಗಂಟೆಗೆ ಬರ್ತಾರೆ, ಅಲ್ಲೀಗಂಟ ಕ್ಯಾಂಟೀನಲ್ಲಿ ಕೂತಿರಿ, ಬಲಗಡೆ.” ಆಮೇಲೆ ಹಿಂದಿನ ಕಿಟಕಿಗೆ ಬಂದು ನನ್ನ ಮುಖವನ್ನೂ ಒಂದು ಕ್ಷಣ ನೋಡಿ, “ಲೈಬ್ರರಿ ಇವತ್ತು ಬಂದ್ ಮೇಡಂ” ಎಂದ.